ಮೊಣಗಂಟಿನ ಕೀವು ತೆಗೆಯುತ್ತೇವೆ ಎನ್ನುವವರನ್ನು ಮನೆಯೊಳಗೆ ಬಿಡಬೇಡಿ

ಉಡುಪಿಯವರು, ಅದರಲ್ಲೂ ಬೆಳಿಗ್ಗೆ ಅಜ್ಜರಕಾಡು ಪಾರ್ಕಿಗೆ ನಡೆಯಲು ಹೋಗುವ ಹಿರಿಯರು, ದಯವಿಟ್ಟು ಓದಿ. ಹದಿನೈದು ದಿನ ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತಿದೆ. ಆದರೆ ಮೊನ್ನೆ ನೆರೆಮನೆಯವರು "ಗಂಟಿನಿಂದ ಕೀವು ತೆಗೆಯುವ ವೈದ್ಯರು ಇದ್ದಾರಂತೆ" ಎಂದು ನನ್ನ ಬಳಿಯೇ ಹೇಳಿದರು. ಇನ್ನು ಸುಮ್ಮನಿರಲು ಆಗಲಿಲ್ಲ.

ಎಂಟು ವರ್ಷಗಳಿಂದ ನನಗೆ ಎರಡೂ ಮೊಣಗಂಟು ನೋವು. ಬಸ್ಸಿನ ಮೊದಲ ಮೆಟ್ಟಿಲು, ಮಳೆಗಾಲದ ಬೆಳಗು, ನೆಲದಲ್ಲಿ ಕುಳಿತು ಉಂಡು ಏಳುವ ಹೊತ್ತು, ನೋವಿದ್ದವರಿಗೆ ಇವನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಬಿಸಿನೀರಿನ ಚೀಲ, ಮುಲಾಮು, ವೈದ್ಯರು ಕಲಿಸಿದ ತೊಡೆಯ ವ್ಯಾಯಾಮ, ಇಷ್ಟರಲ್ಲಿ ದಿನ ಸಾಗುತ್ತಿತ್ತು. ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲವೆಂದು ಬಚ್ಚಲುಮನೆ ಒಡೆಸಿ ಕಮೋಡ್ ಹಾಕಿಸಲು ಒಂದು ಲಕ್ಷ ಕೂಡಿಟ್ಟಿದ್ದೆ. ಹೋದದ್ದು ಅದೇ ಹಣ.

ಪಾರ್ಕಿನ ಬೆಂಚಿನಲ್ಲಿ ಕುಳಿತಿದ್ದಾಗ ಸುಮಾರು ಐವತ್ತರ ಪ್ರಾಯದವನೊಬ್ಬ ಬಂದು, "ಅಮ್ಮಾ, ಎಡಗಾಲು ಊರಲು ಹೆದರುತ್ತೀರಲ್ಲ, ಎಷ್ಟು ವರ್ಷವಾಯಿತು?" ಎಂದು ಕೇಳಿದ. ತನ್ನ ತಾಯಿಯೂ ಹೀಗೆಯೇ ಇದ್ದರಂತೆ, ಈಗ ಕೃಷ್ಣಮಠಕ್ಕೆ ನಡೆದೇ ಹೋಗುತ್ತಾರಂತೆ. ಹಣದ ಮಾತೇ ಇಲ್ಲ. "ಸಂಧಿವಾತ ಶಾಶ್ವತವಾಗಿ ಗುಣ" ಎಂದು ಮುದ್ರಿಸಿದ ಒಂದು ಚೀಟಿ ಕೊಟ್ಟು ಹೊರಟುಹೋದ. ಫೋನ್ ಮಾಡಿದವಳು ನಾನೇ. ನೆನೆದರೆ ಹೊಟ್ಟೆ ಉರಿಯುತ್ತದೆ.

ಮರುದಿನ ಅವನೂ "ವೈದ್ಯ"ನೂ ಬಂದರು. ಒಳಗೆ ನಂಜು ಕಟ್ಟಿಕೊಂಡು ಕೀವಾಗಿದೆ, ಹೀರಿ ತೆಗೆಯಬೇಕು, ಹನಿಗೆ 2,000 ರೂಪಾಯಿ, ಹತ್ತು ಹನ್ನೆರಡು ಹನಿ ಬಂದರೆ ಹೆಚ್ಚು ಎಂದರು. ಹತ್ತು ಹನ್ನೆರಡು! ಬ್ಲೇಡಿನಿಂದ ಸಣ್ಣದಾಗಿ ಗೀರಿ, ಹಿತ್ತಾಳೆಯ ಕೊಳವೆ ಇಟ್ಟು ಬಾಯಿಂದ ಹೀರಿ, ಅರಸಿನ ಪುಡಿ ಹರಡಿದ ತಟ್ಟೆಗೆ ಹಳದಿ ಹನಿಗಳನ್ನು ಬೀಳಿಸತೊಡಗಿದ. "ನೀವೇ ಎಣಿಸಿ ಅಮ್ಮಾ, ಆಮೇಲೆ ನಮ್ಮ ಮೇಲೆ ಮಾತು ಬರಬಾರದು." ನಾನು ಎಣಿಸಿದೆ. ಗಟ್ಟಿಯಾಗಿ ಎಣಿಸಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನಾನು, ನನ್ನದೇ ಚಾವಡಿಯಲ್ಲಿ ಕುಳಿತು, ಮೋಸಗಾರನ ಹನಿಗಳನ್ನು ಒಂದೊಂದಾಗಿ ಎಣಿಸಿದೆ. ಬಲಗಾಲಿಗೆ 29. ಸಾಕು ಎಂದೆ. "ಅರ್ಧಕ್ಕೆ ಬಿಟ್ಟರೆ ನಂಜು ಹೃದಯಕ್ಕೆ ಏರುತ್ತದೆ" ಎಂದ. ಎಡಗಾಲಿಗೆ 24. ಒಟ್ಟು 1,06,000. ಆರು ಸಾವಿರ "ತಾಯಿಯಂತಹ ನಿಮಗೆ" ಎಂದು ಬಿಟ್ಟುಕೊಟ್ಟರು. ಪಾರ್ಕಿನಲ್ಲಿ ಸಿಕ್ಕವನೇ ರಿಕ್ಷಾದಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋದ. ರಸೀದಿ ಕೇಳಿದರೆ, "ನಾಟಿ ಔಷಧಿಗೆ ರಸೀದಿ ಉಂಟೇ ಅಮ್ಮಾ?"

ಆ ಸಂಜೆ ನೋವು ಕಡಿಮೆಯಾದಂತೆಯೇ ಅನ್ನಿಸಿತು. ಕೊನೆಗೆ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದ್ದರು, ಅದಕ್ಕೇ ಇರಬೇಕು. ಮೂರನೆಯ ದಿನ ನೋವು ಹಾಗೆಯೇ ಇತ್ತು, ಗೀರಿದ ಜಾಗ ಕೆಂಪಗೆ ಬಾತಿತ್ತು. ಫೋನ್ ಮಾಡಿದೆ. "ಬದನೆ ತಿಂದಿರಾ?" ಮಟ್ಟುಗುಳ್ಳದ ಹುಳಿ ಉಂಡಿದ್ದೆ, ಹೌದು ಎಂದೆ. "ಹಾಗಾದರೆ ಪಥ್ಯ ಮುರಿದವರು ನೀವು." ಎರಡನೆಯ ಸಲ ಮಾಡಿದಾಗ, "ಎಡಗಾಲಿನಲ್ಲಿ ಇನ್ನೂ ಇಪ್ಪತ್ತು ಹನಿ ಉಳಿದಿದೆ, ಹಣ ಹೊಂದಿಸಿಕೊಳ್ಳಿ." ಪೊಲೀಸರಿಗೆ ಹೇಳುತ್ತೇನೆ ಎಂದಾಗ ಸ್ವರವೇ ಬದಲಾಯಿತು: "ಹೇಳಿ. ಎಣಿಸಿದ್ದು ನೀವೇ, ಬ್ಯಾಂಕಿಗೆ ಬಂದದ್ದೂ ನೀವೇ. ಊರಿಗೆಲ್ಲ ತಿಳಿದರೆ ಮಾನ ಯಾರದು ಹೋಗುತ್ತದೆ?" ಅಂದಿನಿಂದ ಆ ನಂಬರ್ ಸ್ವಿಚ್ ಆಫ್. ಹದಿನೈದು ದಿನ ನನ್ನ ಬಾಯಿ ಕಟ್ಟಿದ್ದು ಆ ಒಂದು ಮಾತು.

ಎಲುಬಿನ ವೈದ್ಯರು ಬೈಯಲಿಲ್ಲ, ಅದೇ ದೊಡ್ಡದು. ಸವೆದ ಮೊಣಗಂಟಿನಲ್ಲಿ ಕೀವು ಇರುವುದಿಲ್ಲ, ನಿಜವಾಗಿ ಕೀವಾದರೆ ಜ್ವರ ಬಂದು ಕಾಲು ಊರಲೂ ಆಗದೆ ಆಸ್ಪತ್ರೆ ಸೇರಬೇಕಾಗುತ್ತದೆ ಎಂದರು. ಅವರು ಹೆದರಿದ್ದು ಬ್ಲೇಡಿಗೆ. ಟಿ.ಟಿ. ಚುಚ್ಚುಮದ್ದು ಕೊಟ್ಟು, ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಗೆ ರಕ್ತ ತೆಗೆಸಿದರು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಂತೆ. ಈ ವಯಸ್ಸಿನಲ್ಲಿ ಆ ಪರೀಕ್ಷೆಯ ವರದಿಗೆ ಕಾಯುವುದು ಏನೆಂದು ಆ ಇಬ್ಬರಿಗೆ ಗೊತ್ತಿದೆಯೇ?

ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇನೆ. ಆ ಚೀಟಿಯನ್ನೂ ಕೊಟ್ಟಿದ್ದೇನೆ. ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯ ಪಟ್ಟಿಯಲ್ಲಿ ಸಂಧಿವಾತವೂ ಇದೆ. ಅದನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದೇ ಅಪರಾಧ.

ಹನಿಗೆ ಇಷ್ಟು ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಬಾಗಿಲು ಹಾಕಿ, 112ಕ್ಕೆ ಫೋನ್ ಮಾಡಿ. ಒಬ್ಬರೇ ಇದ್ದಾಗ ಇಂಥವರನ್ನು ಒಳಗೆ ಕರೆಯಲೇಬೇಡಿ. ಮಕ್ಕಳು ಬೈದಾರೆಂದು ಮುಚ್ಚಿಡಬೇಡಿ, ನಾನು ಮುಚ್ಚಿಟ್ಟ ಹದಿನೈದು ದಿನಗಳಲ್ಲಿ ಅವರು ಇನ್ನೆಷ್ಟು ಮನೆಗೆ ಹೋದರೋ. ಪಾರ್ಕಿನಲ್ಲಿ ಸಿಕ್ಕವನು ಬಿಳಿ ಅಂಗಿ ತೊಟ್ಟಿದ್ದ, ನಯವಾದ ಮಾತು, ಕೈಯಲ್ಲಿ ಮಡಚಿದ ಕೊಡೆ. ಮೊದಲು ಕೇಳುವುದು "ಎಷ್ಟು ವರ್ಷವಾಯಿತು" ಎಂದೇ.