ದಿಲ್‌ಪಸಂದ್ ಮುಂದೆ ಗೋವಾದ ಬೆಬಿಂಕಾ, ಬಾತ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಮ್ಮ ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್‌ಗೆ. ಆದರೂ ಹೋದ ವಾರ ಗೋವಾದಿಂದ ಬರುವಾಗ ಪಣಜಿಯಲ್ಲಿ ಅರ್ಧ ಕೆಜಿ ಬೆಬಿಂಕಾ ಅನ್ನುವ ಪದರ ಪದರದ ಸಿಹಿ, ಒಂದು ಬಾತ್ ಕೇಕು ಕಟ್ಟಿಸಿಕೊಂಡು ಬಂದೆ. ಮೂರರಲ್ಲೂ ತೆಂಗಿನಕಾಯಿಯದೇ ಕಾರುಬಾರು. ದಿಲ್‌ಪಸಂದ್‌ನಲ್ಲಿ ಸಕ್ಕರೆ ಬೆರೆಸಿದ ತುರಿ, ಬಾತ್‌ನಲ್ಲಿ ರವೆ ಜೊತೆ ತುರಿ, ಬೆಬಿಂಕಾದಲ್ಲಿ ಕಾಯಿಹಾಲು. ಹಾಗಾಗಿ ಪಕ್ಕಪಕ್ಕ ಇಟ್ಟು ನೋಡೋಣ ಅನ್ನಿಸಿತು.

ಬೆಬಿಂಕಾ ಸತಾಯಿಸಿದ್ದು ಅಷ್ಟಿಷ್ಟಲ್ಲ. ಅಂಗಡಿಯಲ್ಲಿ ರುಚಿ ನೋಡಲು ಕೊಟ್ಟ ತುಂಡು ಬೆಚ್ಚಗಿತ್ತು, ಪದರಗಳು ಒಂದೊಂದಾಗಿ ಬಿಟ್ಟುಕೊಂಡವು, ಜಾಯಿಕಾಯಿ ಘಮ ಬೇರೆ. ಅಲ್ಲೇ ಮರುಳಾದೆ. ರಾತ್ರಿಯೆಲ್ಲ ಎಸಿ ಬಸ್ಸು. ಬೆಳಿಗ್ಗೆ ಬೆಂಗಳೂರಿನಲ್ಲಿ ಡಬ್ಬಿ ತೆಗೆದರೆ ಮೇಲೆಲ್ಲ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ! ಚಾಕು ಹಾಕಿದರೆ ಹವಾಯಿ ಚಪ್ಪಲಿ ಕೊಯ್ದ ಹಾಗೆ. ಪದರ ಬಿಡುವುದಿರಲಿ, ಇಡೀ ತುಂಡೇ ಚಾಕುವಿಗೆ ಅಂಟಿಕೊಂಡು ಎದ್ದು ಬಂತು.

ಮೈಕ್ರೋವೇವ್‌ನಲ್ಲಿ 30 ಸೆಕೆಂಡ್ ಇಟ್ಟೆ. ಅಂಚು ಕೈ ಸುಡುತ್ತಿತ್ತು, ನಡು ತಣ್ಣಗೇ ಇತ್ತು, ತಟ್ಟೆ ತುಂಬ ತುಪ್ಪ. ಇನ್ನೂ 20 ಸೆಕೆಂಡ್ ಇಟ್ಟಿದ್ದಕ್ಕೆ ಅಂಚು ಗಟ್ಟಿಯಾಗಿ ಹಲ್ಲಿಗೆ ಸವಾಲಾಯಿತು. ಕೊನೆಗೆ ದೋಸೆ ತವಾ ಮೇಲೆ, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟಾಗ ಅಂಗಡಿಯ ಆ ರುಚಿ ಮುಕ್ಕಾಲು ಪಾಲು ವಾಪಸ್ ಬಂತು.

ಯಾಕೆ ಹೀಗೆ ಅಂತ ಆಮೇಲೆ ಹೊಳೆಯಿತು. ಇದನ್ನು ಒಂದೇ ಸಲ ಬೇಯಿಸುವುದಿಲ್ಲ. ಒಂದು ಪದರ ಹೊಯ್ದು, ಮೇಲಿಂದ ಕೆಂಡದ ಕಾವು ಕೊಟ್ಟು, ಅದು ಕೆಂಪಗಾದ ಮೇಲೆ ಒಂದು ಚಮಚ ತುಪ್ಪ ಹಾಕಿ, ಮತ್ತೆ ಮುಂದಿನ ಪದರ, ಹೀಗೆ ಗಂಟೆಗಟ್ಟಲೆ. ಏಳು ಪದರವಾದರೂ ಇರಬೇಕು ಅನ್ನುತ್ತಾರೆ. ಪದರ ಬಿಡಿಸುವುದೇ ಆ ತುಪ್ಪ, ಅದು ಗಟ್ಟಿಯಾದರೆ ಎಲ್ಲ ಪದರಕ್ಕೂ ಬೀಗ. ಅಷ್ಟು ಕೆಲಸ ಇರುವಾಗ ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ಆದರೆ ಒಂದು ತುಂಡು ತಿನ್ನಲು ಒಲೆ ಹಚ್ಚುವ ಜಾಯಮಾನ ನನ್ನದಲ್ಲ.

ಇಷ್ಟೆಲ್ಲ ಆಗಿ ಅಮ್ಮನಿಗೆ ಕೊಟ್ಟರೆ ಮೂಸಿ ನೋಡಿ, "ಇದಕ್ಕೆ ಎಷ್ಟು ಮೊಟ್ಟೆ ಹಾಕ್ತಾರೋ?" ಅಂದರು. ಹತ್ತು ಮೊಟ್ಟೆಯ ಹಳದಿಯಾದರೂ ಬೀಳುತ್ತೆ ಅಂದೆ. ತಟ್ಟೆ ನನ್ನ ಕಡೆ ಸರಿಯಿತು.

ಬಾತ್ ಅಂದ ತಕ್ಷಣ ನಮಗೆ ನೆನಪಾಗುವುದು ಖಾರಾಬಾತ್, ಕೇಸರಿಬಾತ್ ಅಲ್ವಾ? ಇದೂ ರವೆಯದ್ದೇ, ಆದರೆ ಕೇಕು. ರವೆ, ಕಾಯಿ ಕಲಸಿ ರಾತ್ರಿಯಿಡೀ ನೆನೆಯಲು ಬಿಟ್ಟು ಮಾರನೇ ದಿನ ಬೇಯಿಸುತ್ತಾರೆ. ತಿಂದರೆ ರವೆ ಉಂಡೆಯನ್ನು ಓವನ್‌ಗೆ ಹಾಕಿ ತೆಗೆದ ಹಾಗಿದೆ. ಬಸ್ಸಿನಲ್ಲಿ ಏನೂ ಆಗಲಿಲ್ಲ, ನಾಲ್ಕು ದಿನ ಕಾಫಿ ಜೊತೆ ನಡೆಯಿತು, ಬೆಲೆಯೂ ಬೆಬಿಂಕಾದ ಅರ್ಧ. ಇದರಲ್ಲೂ ಮೊಟ್ಟೆ ಇದೆ, ಅದೊಂದೇ ತಕರಾರು.

ಪ್ಲಮ್ ಕೇಕು ಯಾಕಿಲ್ಲ ಅಂತ ಕೇಳಬೇಡಿ. 1883ರಲ್ಲಿ ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು ಮಾಡಿದ, ಭಾರತದ ಮೊದಲ ಕ್ರಿಸ್‌ಮಸ್ ಕೇಕು ಅನ್ನುವ ಕೇಕಿನ ಕಥೆ ಗೊತ್ತು, ಗೌರವವೂ ಇದೆ, ಆದರೆ ಅದು ಪ್ರತಿ ಕ್ರಿಸ್‌ಮಸ್‌ಗೆ ಪಕ್ಕದ ಮನೆಯಿಂದ ಪುಕ್ಕಟೆ ಬರುತ್ತದೆ.

ಇನ್ನು ನಮ್ಮ ದಿಲ್‌ಪಸಂದ್. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯ ಕಾಲದಿಂದ ಅಯ್ಯಂಗಾರ್ ಬೇಕರಿ ಅಂದರೆ ಮೊಟ್ಟೆಯ ಚಿಂತೆ ಇಲ್ಲ. ನಮ್ಮ ಬೀದಿ ತಿರುವಿನಲ್ಲಿ ಸಂಜೆ ನಾಲ್ಕೂವರೆಗೆ ಟ್ರೇ ಹೊರಗೆ ಬರುತ್ತದೆ. ದುಂಡಗಿನದನ್ನು ನಾಲ್ಕು ಭಾಗ ಮಾಡಿ, ಒಂದನ್ನು ಪೇಪರ್ ಚೂರಿನ ಮೇಲಿಟ್ಟು ಕೊಟ್ಟರೆ, ಮೇಲಿನ ಪದರ ಪುಡಿಪುಡಿಯಾಗಿ ಶರ್ಟಿನ ಮೇಲೆ ಉದುರುತ್ತದೆ, ಒಳಗಿನ ಕಾಯಿತುರಿ ಇನ್ನೂ ಬಿಸಿ. 30 ರೂಪಾಯಿ. ಟೂಟಿಫ್ರೂಟಿ ಸ್ವಲ್ಪ ಜಾಸ್ತಿ ಅನ್ನುವುದು ನಿಜ. ಮಾರನೇ ದಿನಕ್ಕೆ ಉಳಿಸಿದರೆ ಮೆತ್ತಗಾಗಿ ಕಾಯಿ ಹುಳಿ ವಾಸನೆ ಹೊಡೆಯುತ್ತದೆ, ಅದೂ ನಿಜ. ನಮ್ಮ ಮನೆಯಲ್ಲಿ ಉಳಿಯುವುದಿಲ್ಲ ಬಿಡಿ, ಅಮ್ಮ ಎರಡು ಭಾಗ ತರಿಸುತ್ತಾರೆ.

ಇನ್ನೊಮ್ಮೆ ಗೋವಾಕ್ಕೆ ಹೋದರೆ ಬೆಬಿಂಕಾ ಅಲ್ಲೇ ನಿಂತು ಬಿಸಿಯಾಗಿ ತಿನ್ನುತ್ತೇನೆ, ಚೀಲಕ್ಕೆ ಬಾತ್ ಮಾತ್ರ. ಸದ್ಯಕ್ಕೆ ಫ್ರಿಜ್‌ನಲ್ಲಿ ಎರಡು ತುಂಡು ಬೆಬಿಂಕಾ ಉಳಿದಿದೆ. ತವಾ ಕಾಯಿಸುವ ತಾಳ್ಮೆ ಇರುವವರು ಬಂದು ತೆಗೆದುಕೊಂಡು ಹೋಗಬಹುದು.