ಸೇತುವೆ ಮೇಲೆ ನಂದಿ, ಗುಡ್ಡದ ತಲೆಗೆ ಸೂರ್ಯ: ಸೀಜಿನ್‌ಕೋಟ್ ಎಸ್ಟೇಟ್ ನೋಡಿಬಂದ ಕಥೆ

ಮಗಳು ಆಕ್ಸ್‌ಫರ್ಡಿನಲ್ಲಿ ಕೆಲಸದಲ್ಲಿದ್ದಾಳೆ. ನಾವು ಗಂಡ ಹೆಂಡತಿ ಅಲ್ಲಿಗೆ ಹೋದಾಗೆಲ್ಲ ಯಾವುದಾದರೂ ಒಂದು ಎಸ್ಟೇಟ್ ತೋರಿಸದೆ ಅವಳು ಬಿಡುವುದಿಲ್ಲ. ಮೊದಲ ಎರಡಕ್ಕೆ ಬಾಯಿ ಬಿಟ್ಟುಕೊಂಡು ನೋಡಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಎಲ್ಲಾ ಒಂದೇ ಅನಿಸತೊಡಗಿತು. ಎತ್ತರದ ಕಂಬ, ಕತ್ತರಿಸಿಟ್ಟ ಹುಲ್ಲು, ಸತ್ತುಹೋದ ಲಾರ್ಡುಗಳ ದೊಡ್ಡ ದೊಡ್ಡ ಪಟ, ಕೊನೆಗೆ ಒಂದು ಸ್ಕೋನು, ಜಾಮು. ಈ ಸಲ "ನನಗೆ ಬೇಡ ಕಣಮ್ಮ, ಮಂಡಿ ನೋವು" ಅಂದೆ. "ಅಪ್ಪಾ, ಇದು ಹಾಗಲ್ಲ. ಇಲ್ಲಿ ಸೇತುವೆ ಮೇಲೆ ನಂದಿ ಕೂತಿದೆ" ಅಂದಳು. ಹಾಸನದವರಿಗೆ ನಂದಿ ಅಂದರೆ ಆಮೇಲೆ ಮಂಡಿ ಮಾತು ನಡೆಯುವುದಿಲ್ಲ. ಒಪ್ಪಿಕೊಂಡೆ.

ಸೀಜಿನ್‌ಕೋಟ್ ಇರುವುದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ, ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಸೀಮೆ. ಆಕ್ಸ್‌ಫರ್ಡಿನಿಂದ ಮೋರ್ಟನ್-ಇನ್-ಮಾರ್ಶ್‌ಗೆ ನೇರ ರೈಲಿದೆ, ಅಲ್ಲಿಂದ ಎರಡು ಮೈಲಿ ಚಿಲ್ಲರೆ. ಮಗಳಿಗೆ ಅವತ್ತು ಆಫೀಸು, ಸಂಜೆ ಕಾರು ತರುತ್ತೇನೆ ಅಂದಿದ್ದಳು. ನಾವು ಸ್ಟೇಷನ್ನಿನಲ್ಲಿ ಇಳಿದು ಮೊದಲೇ ಹೇಳಿಟ್ಟಿದ್ದ ಟ್ಯಾಕ್ಸಿಗೆ ಕಾದೆವು, ಮುಕ್ಕಾಲು ಗಂಟೆ. ಫೋನು ಮಾಡಿದರೆ "ಆನ್ ದ ವೇ". ಈ "ಆನ್ ದ ವೇ" ಅನ್ನೋದು ಬರೀ ಬೆಂಗಳೂರಿನ ಕಾಯಿಲೆ ಅಂದುಕೊಂಡಿದ್ದೆ. ಕೊನೆಗೆ ಬಂದ, ಪುಣ್ಯಾತ್ಮ.

ಗೇಟಿನಿಂದ ಒಳಗೆ ಉದ್ದನೆಯ ರಸ್ತೆ, ಓಕ್ ಮರಗಳ ನಡುವೆ. ಸೀಜಿನ್‌ಕೋಟ್ ಅನ್ನುವ ಹೆಸರಿನಲ್ಲೇ ಓಕ್ ಇದೆ ಅನ್ನುವವರಿದ್ದಾರೆ: ಫ್ರೆಂಚಿನ 'ಶೆನ್' ಅಂದರೆ ಓಕ್, ಹಳೆಯ ಇಂಗ್ಲಿಷಿನ 'ಕೋಟ್' ಅಂದರೆ ಮನೆ. ನಮ್ಮ ಹಲಸಿನಹಳ್ಳಿ, ಹುಣಸೂರು ಇದ್ದ ಹಾಗೆ. ಮನೆ ತಟ್ಟನೆ ಕಾಣಿಸುವುದಿಲ್ಲ. ರಸ್ತೆ ಬಾಗಿ, ಇಳಿದು, ಸೇತುವೆ ದಾಟಿ, ಆಮೇಲೆ. ಪಾರ್ಕು ಕಟ್ಟುವ ಇಂಗ್ಲಿಷರ ಹಳೆಯ ವಿದ್ಯೆ ಇದು, ಕಾಯಿಸಿ ತೋರಿಸುವುದು. ಸೇತುವೆಯ ಎರಡೂ ಬದಿಗೆ ಕಟಾಂಜನದ ಮೇಲೆ ನಂದಿಗಳು ಕಂಡವು. ಇವಳು ಟ್ಯಾಕ್ಸಿಯ ಒಳಗಿಂದಲೇ ಕೈ ಮುಗಿದಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಏನೂ ಕೇಳಲಿಲ್ಲ.

ಆಮೇಲೆ ಮನೆ. ಹಳದಿ ಕಲ್ಲಿನ ಗೋಡೆ, ನೆತ್ತಿಗೆ ತಾಮ್ರದ ಈರುಳ್ಳಿ ಗುಮ್ಮಟ, ಕಿಲುಬು ಕಟ್ಟಿ ಹಸಿರು ತಿರುಗಿದೆ. ಮೂಲೆಗಳಲ್ಲಿ ಪುಟ್ಟ ಛತ್ರಿ ಗೋಪುರ, ಸುತ್ತ ಅಗಲದ ಛಜ್ಜ, ನವಿಲು ಗರಿ ಬಿಚ್ಚಿದಂತೆ ಕಿಟಕಿಯ ಕಮಾನು. ಬಿಸಿಲೇ ಇಲ್ಲದ ದೇಶದಲ್ಲಿ ಇಷ್ಟಗಲ ಛಜ್ಜ ಯಾಕಪ್ಪಾ ಅಂತ ಇಂಜಿನಿಯರ್ ತಲೆ ಮೊದಲು ಕೇಳಿತು. ಮಳೆಗೆ ಆಗುತ್ತದೆ ಅಂತ ನಾನೇ ಸಮಾಧಾನ ಹೇಳಿಕೊಂಡೆ.

ಕಥೆ ಹೀಗಿದೆ. 1795ರಲ್ಲಿ ಈ ಎಸ್ಟೇಟನ್ನು ಕರ್ನಲ್ ಜಾನ್ ಕಾಕರೆಲ್ ಕೊಂಡ, ಬಂಗಾಳದಲ್ಲಿ ಕಂಪನಿ ಸರ್ಕಾರದ ಸೈನ್ಯದಲ್ಲಿದ್ದವನು. ಮೂರೇ ವರ್ಷಕ್ಕೆ ತೀರಿಕೊಂಡ. ಆಸ್ತಿ ತಮ್ಮ ಚಾರ್ಲ್ಸ್ ಕಾಕರೆಲ್‌ಗೆ ಬಂತು. ಅವನೂ ಕಲ್ಕತ್ತದಲ್ಲಿ ಕಂಪನಿ ನೌಕರಿ ಮಾಡಿ, ಲೇವಾದೇವಿ ವ್ಯಾಪಾರ ಮಾಡಿ ದುಡ್ಡು ಗುಡ್ಡೆ ಹಾಕಿದ್ದವನು. ಇನ್ನೊಬ್ಬ ಸಹೋದರ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ ಲಂಡನ್ನಿನ ಆರ್ಕಿಟೆಕ್ಟ್. ಹತ್ತಿರದ ಡೇಲ್ಸ್‌ಫರ್ಡಿನಲ್ಲಿ ವಾರನ್ ಹೇಸ್ಟಿಂಗ್ಸ್‌ಗೆ ಮನೆ ಕಟ್ಟಿಕೊಟ್ಟವನೂ ಅವನೇ. ಇಂಡಿಯಾದ ಮುಖ ನೋಡದ ಆ ಸ್ಯಾಮ್ಯುಯೆಲ್ 1805ರ ಸುಮಾರಿಗೆ ಅಣ್ಣತಮ್ಮಂದಿರ ಜಾಗದಲ್ಲಿ ಮೊಗಲ್ ಅರಮನೆ ಎಬ್ಬಿಸಿದ. ಕಂಪನಿ ದುಡ್ಡಿನಲ್ಲಿ ಇಂಗ್ಲೆಂಡಿನಲ್ಲಿ ಎದ್ದ ಮನೆಗಳು ಬೇಕಾದಷ್ಟು, ಹೆಚ್ಚಿನವು ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಗ್ರೀಕ್ ಕಂಬಗಳ ಹಿಂದೆ ಅಡಗಿಸಿ ಕೂತಿವೆ. ಇದೊಂದು ಮಾತ್ರ ಅಡಗಿಸಲಿಲ್ಲ, ತಲೆ ಮೇಲೇ ಹೊತ್ತು ನಿಂತಿದೆ. ಆ ಮಟ್ಟಿಗೆ ನಾನು ಇದಕ್ಕೆ ಒಂದು ಮಾರ್ಕು ಜಾಸ್ತಿ ಕೊಡುತ್ತೇನೆ.

ಇಂಡಿಯಾ ನೋಡಿದ್ದವನು ಥಾಮಸ್ ಡೇನಿಯಲ್ ಅನ್ನುವ ಚಿತ್ರಕಾರ. ಅಣ್ಣನ ಮಗ ವಿಲಿಯಮ್ಮನ್ನು ಕಟ್ಟಿಕೊಂಡು 1786ರಿಂದ 1793ರ ತನಕ ದೇಶ ಸುತ್ತಿದ. 1792ರಲ್ಲಿ, ಟಿಪ್ಪುವಿನ ಜೊತೆ ಒಪ್ಪಂದವಾದ ಹೊಸತರಲ್ಲಿ, ಮದ್ರಾಸಿನಿಂದ ಹೊರಟು ಹೊಸೂರು, ರಾಯಕೋಟೆ ಕಡೆಯ ಗಿರಿದುರ್ಗಗಳನ್ನೂ ಬರೆದುಕೊಂಡ. ಊರಿಗೆ ಮರಳಿ ಇಬ್ಬರೂ ಒಟ್ಟು 144 ಚಿತ್ರ ಅಚ್ಚು ಹಾಕಿದರು. ಸೀಜಿನ್‌ಕೋಟಿನ ತೋಟದ ಗುಡಿ, ಸೇತುವೆಗಳ ವಿನ್ಯಾಸ ಈ ಥಾಮಸ್‌ದು. ಪಾರ್ಕಿನ ಬಗ್ಗೆ ಸಲಹೆ ಕೊಟ್ಟವನು ಹಂಫ್ರಿ ರೆಪ್ಟನ್, ಆ ಕಾಲದ ದೊಡ್ಡ ಭೂದೃಶ್ಯ ವಿನ್ಯಾಸಗಾರ. 1807ರಲ್ಲಿ ಯುವರಾಜ, ಮುಂದೆ 4ನೇ ಜಾರ್ಜ್ ಆದವನು, ಬಂದು ನೋಡಿ ಮರುಳಾದ. ಬ್ರೈಟನ್ ಸಮುದ್ರತೀರದ ಅವನ ಅರಮನೆ ಆಮೇಲೆ ಗುಮ್ಮಟಗಳ ಜಾತ್ರೆಯಾಯಿತಲ್ಲ, ಆ ಹುಚ್ಚಿನ ಬೀಜ ಇಲ್ಲಿಯದು. ಬ್ರೈಟನ್ನನ್ನೂ ನೋಡಿದ್ದೇನೆ. ಅದು ಮದುವೆ ಮನೆ ಸೀರಿಯಲ್ ಸೆಟ್ಟು. ಇದು ವಾಸಿ.

ಮನೆಯ ಒಳಗೆ ಹೋದರೆ ಇಂಡಿಯಾ ಮಾಯ, ಪಕ್ಕಾ ಗ್ರೀಕ್-ರೋಮನ್. ಚೆನ್ನಾಗಿದೆ, ಅಷ್ಟೇ. ಪೂರ್ತಿ ಮುಗಿಸುವ ಮೊದಲೇ ನನ್ನ ಕಿವಿ ಹೊರಗೆ ಹೋಗಿತ್ತು, ಎಲ್ಲೋ ನೀರು ಬೀಳುವ ಸದ್ದಿಗೆ.

ನಾನು ಮೂವತ್ತೆರಡು ವರ್ಷ ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆ ಏರಿ, ತೂಬು, ಕೋಡಿ ನೋಡಿಕೊಂಡವನು. ಗುಮ್ಮಟ ನೋಡಲು ಬಂದವರು ಗುಮ್ಮಟ ನೋಡಲಿ, ನನ್ನ ಮಾತು ಕೇಳುವುದಾದರೆ ಮೊದಲು ತೋಟದ ತಲೆಗೆ ಹತ್ತಿ. ಗುಡ್ಡದ ಒರತೆ ನೀರು ಇಲ್ಲಿ ಮೇಲಿಂದ ಕೆಳಗೆ ಕೊಳದಿಂದ ಕೊಳಕ್ಕೆ ಇಳಿಯುತ್ತದೆ. ಪಂಪಿನ ಗದ್ದಲ ಕೇಳಲಿಲ್ಲ, ಇಳಿಜಾರೇ ಕೆಲಸ ಮಾಡುತ್ತದೆ. ಒಂದರ ಕೋಡಿ ಮುಂದಿನದರ ಒಳಹರಿವು. ನಮ್ಮ ಕಡೆ ಮೇಲಿನ ಕೆರೆ ತುಂಬಿ ಕೆಳಗಿನ ಕೆರೆಗೆ ಬೀಳುವ ಸರಣಿ ಕೆರೆಗಳ ಲೆಕ್ಕವೇ, ಕೈತೋಟದ ಅಳತೆಗೆ ಇಳಿಸಿದ್ದು. ಕಟ್ಟಿದವರು ನಮ್ಮನ್ನು ನೋಡಿ ಕಲಿತರು ಅಂತ ನಾನು ಹೇಳುತ್ತಿಲ್ಲ. ಇಳಿಜಾರಿನಲ್ಲಿ ನೀರಿದ್ದರೆ ಯಾರಿಗಾದರೂ ಹೊಳೆಯುವ ಉಪಾಯ ಅದು. ಆದರೆ ಈ ತೋಟದಲ್ಲಿ ನನಗೆ ಊರಿನ ನೆನಪು ತಂದದ್ದು ಗುಮ್ಮಟವಲ್ಲ, ನಂದಿಯೂ ಅಲ್ಲ, ಈ ನೀರು ಇಳಿಯುವ ರೀತಿ.

ಎಲ್ಲಕ್ಕಿಂತ ಮೇಲೆ ದುಂಡನೆಯ ಕೊಳ, ಅದರ ಹಿಂದೆ ಚಿಕ್ಕ ಸೂರ್ಯ ಗುಡಿ. ಒಳಗಿನ ಸೂರ್ಯ ಕಲ್ಲಿನವನಲ್ಲ. ಕೋಡ್ ಸ್ಟೋನ್ ಅಂತ ಒಂದು ಪದಾರ್ಥ, ಹೆಸರಿಗೆ ಕಲ್ಲು, ನಿಜಕ್ಕೆ ಗೂಡಿನಲ್ಲಿ ಸುಟ್ಟ ಜೇಡಿ. ಎಲಿನರ್ ಕೋಡ್ ಅನ್ನುವ ಹೆಂಗಸು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಅದರ ಕಾರ್ಖಾನೆ ನಡೆಸುತ್ತಿದ್ದಳು. ಮಳೆ, ಹಿಮ ಏನೂ ಅದಕ್ಕೆ ತಾಗುವುದಿಲ್ಲ ಅನ್ನುವುದೇ ಅದರ ಹೆಗ್ಗಳಿಕೆ. ಅಂದರೆ ಲಂಡನ್ನಿನ ಭಟ್ಟಿಯಲ್ಲಿ ಬೆಂದ ಸೂರ್ಯನಾರಾಯಣ. ಹಳೇಬೀಡಿನ ಗೋಡೆ ನೋಡಿ ಬೆಳೆದ ಕಣ್ಣಿಗೆ ಇವನು ಸ್ವಲ್ಪ ಸಪ್ಪೆ, ಪುಸ್ತಕ ನೋಡಿ ಮಾಡಿದ ಅಡುಗೆ. ಕೊಳದ ನಡುವಿನ ಕಾರಂಜಿ ಕಲ್ಲು ನೋಡಿ ಇವಳು "ರೀ, ಲಿಂಗ ಅಲ್ವಾ?" ಅಂದಳು. ಸೂರ್ಯನ ಎದುರಿಗೆ ಲಿಂಗ, ನಂದಿ ಎಲ್ಲೋ ಕೆಳಗೆ ಸೇತುವೆ ಮೇಲೆ! ಆಗಮದವರು ಕೇಳಿದರೆ ತಲೆ ಚಚ್ಚಿಕೊಂಡಾರು. ಆದರೆ ಕೊಳದ ಅಂಚಿನ ಕಲ್ಲುಕಟ್ಟಡ ನೋಡಿದೆ, ನೀರು ಹೊರಬೀಳುವ ಬಾಯಿ ನೋಡಿದೆ. ಒಂದು ಕಡೆ ಕೊರೆತವಿಲ್ಲ, ಜವುಗಿಲ್ಲ. ಎಷ್ಟೋ ಕೆರೆಗಳ ಕೋಡಿ ಕಿತ್ತುಹೋದದ್ದನ್ನು ರಾತ್ರೋರಾತ್ರಿ ಮರಳಿನ ಚೀಲ ಇಟ್ಟು ಮುಚ್ಚಿಸಿದವನು ನಾನು. ಸುಮಾರು ಹೊತ್ತು ಅಲ್ಲೇ ಕೂತೆ.

ಅಲ್ಲಿಂದ ತೊರೆಯ ಪಕ್ಕದಲ್ಲೇ ಇಳಿಯಬೇಕು. ಮೇ ತಿಂಗಳಾದ್ದರಿಂದ ಎಲೆ ಎಲ್ಲ ಹೊಸದು. ನೀರಿನಂಚಿಗೆ ಪ್ರಿಮುಲಾ, ಹೋಸ್ಟಾ, ಬಿದಿರ ಮೆಳೆ. ಗನ್ನೆರಾ ಅನ್ನುವ ಒಂದು ಗಿಡ, ನಮ್ಮ ಕೆಸುವಿನೆಲೆಗೆ ಹತ್ತು ಪಟ್ಟು, ಅಡಿಯೆಲ್ಲ ಮುಳ್ಳು. ಪತ್ರೊಡೆ ಮಾಡಿದರೆ ಒಂದೆಲೆಗೆ ಒಂದು ಓಣಿಗೆ ಹಂಚಬಹುದು ಅಂತ ಇವಳ ಲೆಕ್ಕ. ಜೋತು ಬಿದ್ದ ಹಾರ್ನ್‌ಬೀಮ್ ಮರವೊಂದಿದೆ, ಕೊಂಬೆಗಳೆಲ್ಲ ನೆಲ ಮುಟ್ಟಿ ಡೇರೆ ಹಾಕಿದಂತೆ. ಸೀಡರ್ ಮರಗಳು ಬೇರೆ, ಅಗಲಕ್ಕೆ ಹಸ್ತ ಚಾಚಿಕೊಂಡು. ಈ ಎಸ್ಟೇಟು 1884ರಲ್ಲಿ ಡಗ್‌ಡೇಲ್ ಮನೆತನಕ್ಕೆ, 1944ರಲ್ಲಿ ಕ್ಲೈನ್‌ವರ್ಟ್ ದಂಪತಿಗೆ ಕೈ ಬದಲಾಯಿಸಿತು. ತೋಟದ ಈಗಿನ ಗಿಡಗಂಟೆ ಬಹುಪಾಲು ಆ ಕ್ಲೈನ್‌ವರ್ಟ್ ಕಾಲದ್ದು, ಗ್ರಹಾಂ ಸ್ಟುವರ್ಟ್ ಥಾಮಸ್ ಅನ್ನುವ ಹೆಸರಾಂತ ತೋಟಗಾರಿಕೆ ಪಂಡಿತರ ಸಲಹೆಯಲ್ಲಿ ನೆಟ್ಟದ್ದು. ಕಲ್ಲು ಕಾಕರೆಲ್‌ದು, ಹಸಿರು ಇವರದು ಅನ್ನಿ.

ಸೇತುವೆ ಹತ್ತಿರ ಬಂದರೆ ತೋಟದ ಅತಿ ಚೆಂದದ ಜಾಗ. ಮೇಲಿಂದ ಕಾರು ದಾಟುವವರಿಗೆ ಅದು ಗೊತ್ತೇ ಆಗುವುದಿಲ್ಲ. ತೊರೆ ಸೇತುವೆಯ ಅಡಿಯಲ್ಲಿ ಹರಿಯುತ್ತದೆ, ನೀರಿನ ನಡುವೆ ಹೆಜ್ಜೆಗಲ್ಲು ಇಟ್ಟಿದ್ದಾರೆ. ಸುತ್ತ ದಪ್ಪ ಕಂಬಗಳು, ಡೇನಿಯಲ್ ಎಲಿಫೆಂಟಾ ಗುಹೆಯ ಕಂಬ ನೋಡಿ ಬಂದು ಮಾಡಿಸಿದ ಮಾದರಿ. ಆ ಕತ್ತಲ ತಂಪಿನಲ್ಲಿ ಕೂರಲು ಒಂದು ಕಟ್ಟೆ. ಕಲ್ಯಾಣಿಯ ಮೂಲೆ ಮಂಟಪದಲ್ಲಿ ಕೂತಾಗ ಬರುವ ಹಸಿ ಪಾಚಿಯ ವಾಸನೆ ಮೂಗಿಗೆ ಬಂತು. ಕೂತರೆ ಎದುರಿಗೆ ಇನ್ನೊಂದು ಕೊಳ, ಅದರ ನಡುವೆ ಮರದ ಬೊಡ್ಡೆಗೆ ಸುತ್ತಿಕೊಂಡ ಮೂರು ಹೆಡೆಯ ಹಾವು, ಬಾಯಲ್ಲಿ ನೀರು. ಅರಳಿ ಕಟ್ಟೆಯ ನಾಗರಕಲ್ಲು ಕಂಡವರಿಗೆ ಈ ಹಾವು ಅಪರಿಚಿತವಲ್ಲ, ಬರೀ ಅರಿಶಿನ ಕುಂಕುಮ ಇಲ್ಲ ಅಷ್ಟೇ. ಇದೊಂದನ್ನು ಮಾಡಿದವನಿಗೆ ಪುಸ್ತಕ ಮೀರಿ ಏನೋ ತಿಳಿದಿತ್ತು ಅನಿಸಿತು. ಹೆಜ್ಜೆಗಲ್ಲಿನ ಮೇಲೆ ಪಾಚಿ ಇತ್ತು, ನಾನು ಚಪ್ಪಲಿ ಕಳಚಿ ದಾಟಿದೆ. ಮಂಡಿ ನೋವಿದ್ದವರು ಈ ಸಾಹಸ ಮಾಡಬೇಡಿ, ಕಟ್ಟೆಗೆ ಬೇರೆ ದಾರಿಯಿಂದ ಬಂದು ಕೂತರೆ ಸಾಕು. ಕೆಳಗೆ ಇನ್ನೂ ಕೊಳಗಳಿವೆ, ನಡುವೆ ದ್ವೀಪ ಇರುವ ಒಂದು, ಅಲ್ಲಿಂದಾಚೆಗೆ ಪಾರ್ಕು, ಕುರಿ ಮೇಯುವ ಹುಲ್ಲು, ದೂರದಲ್ಲಿ ಕೆರೆ.

ಮನೆಯ ದಕ್ಷಿಣಕ್ಕೆ ನೇರ ಕಾಲುವೆ, ಗೂಟ ಹೊಡೆದಂಥ ಮರಗಳ ಸಾಲಿನ ಮೊಗಲ್ ಮಾದರಿ ತೋಟವೂ ಇದೆ. 1960ರ ದಶಕದಲ್ಲಿ ಲೇಡಿ ಕ್ಲೈನ್‌ವರ್ಟ್ ಇಂಡಿಯಾ ಸುತ್ತಿ ಬಂದು ಹಾಕಿಸಿದ್ದು. ಫೋಟೋಗೆ ಒಳ್ಳೆಯದು. ಆರೆಂಜರಿ ಅನ್ನುವ, ಗಿಡ ಬೆಳೆಸಲು ಕಟ್ಟಿದ ಅರ್ಧಚಂದ್ರಾಕಾರದ ಗಾಜಿನ ಮನೆಯಲ್ಲಿ ಟೀ ಕುಡಿದೆವು. ನಮ್ಮ ಅಳತೆಗೆ ಟೀ ತೆಳು, ಕೇಕು ಭರ್ಜರಿ.

ಹೋಗುವವರಿಗೆ ಎರಡು ಮಾತು. ಇದು ಈಗಲೂ ಒಂದು ಮನೆತನ ಇರುವ ಮನೆ, ದಿನಾ ತೆರೆದಿರುವುದಿಲ್ಲ. ವಾರದಲ್ಲಿ ಕೆಲವೇ ದಿನ, ಅದೂ ಮಧ್ಯಾಹ್ನದ ಮೇಲೆ, ಮನೆಯ ಒಳಗೆ ಬೇಸಿಗೆಯಲ್ಲಿ ಮಾತ್ರ. ವೇಳೆ ನೋಡಿಕೊಂಡೇ ರೈಲು ಹತ್ತಿ. ಬೂಟಿಗೆ ಹಿಡಿತ ಇರಲಿ. ಒಂದು ಒಳ್ಳೆಯ ವಿಚಾರ, ಹಾರ್ಟ್ ಆಫ್ ಇಂಗ್ಲೆಂಡ್ ವೇ ಅನ್ನುವ ಕಾಲುದಾರಿ ಬೌರ್ಟನ್-ಆನ್-ದ-ಹಿಲ್‌ನಿಂದ ಲಾಂಗ್‌ಬರೋಗೆ ಈ ಪಾರ್ಕಿನ ನಡುವೆಯೇ ಹೋಗುತ್ತದೆ. ಎಲ್ಲರೂ ನಡೆಯಬಹುದು, ದುಡ್ಡಿಲ್ಲ. ಗುಮ್ಮಟ ದೂರದಿಂದ ನೋಡಿದರೆ ಸಾಕು ಅನ್ನುವವರಿಗೆ ಅದೇ ಧಾರಾಳ. ನೀರು ನೋಡಬೇಕಾದರೆ ಮಾತ್ರ ಟಿಕೆಟ್ ತೆಗೆದುಕೊಳ್ಳಿ. ನನ್ನ ಲೆಕ್ಕದಲ್ಲಿ ತೋಟಕ್ಕೆ ಹತ್ತಕ್ಕೆ ಒಂಬತ್ತು, ಮನೆಯ ಹೊರಮೈಗೆ ಏಳು, ಒಳಮೈಗೆ ಐದು. ಸೂರ್ಯನಿಗೆ ಪಾಸ್ ಮಾರ್ಕು.

ಹೊರಡುವಾಗ ಮತ್ತೆ ಸೇತುವೆ. ಈಗ ನಡೆದು ಬಂದದ್ದರಿಂದ ನಂದಿಗಳನ್ನು ಹತ್ತಿರದಿಂದ ನೋಡಿದೆ. ಹಳೇಬೀಡಿನ ನಂದಿಯ ಒಡವೆ, ಗೆಜ್ಜೆ, ಎಣ್ಣೆ ಹಚ್ಚಿದಂಥ ಹೊಳಪು ಇಲ್ಲಿಲ್ಲ. ಸಂತೆ ಮುಗಿಸಿ ದಣಿವಾರಿಸಿಕೊಳ್ಳುವ ಹೋರಿಗಳ ಹಾಗೆ ಕೂತಿವೆ, ಪಾಪ, ಎದುರಿಗೆ ದೇವರಿಲ್ಲದೆ ಇನ್ನೂರು ವರ್ಷ. ಇವಳು ಆಚೀಚೆ ನೋಡಿ, ಒಂದು ನಂದಿಯ ಕಿವಿಯ ಬಳಿ ಬಾಗಿ, ಕೈ ಅಡ್ಡ ಹಿಡಿದು ಏನೋ ಉಸುರಿದಳು.

"ಅದನ್ನ ಯಾರಿಗೆ ತಲುಪಿಸ್ತಾನೆ ಇವನು? ಶಿವ ಎಲ್ಲಿದಾನೆ ಇಲ್ಲಿ?" ಅಂದೆ.

"ಮೇಲಿನ ಕೊಳದಲ್ಲಿ ಇದಾನಲ್ರೀ."

"ಏನು ಕೇಳಿಕೊಂಡೆ?"

"ಟ್ಯಾಕ್ಸಿ ಟೈಮಿಗೆ ಬರಲಿ ಅಂತ."

ಬರಲಿಲ್ಲ. ಬೌರ್ಟನ್ ತನಕ ಕಾಲುದಾರಿಯಲ್ಲೇ ನಡೆದೆವು, ಮಗಳು ಅಲ್ಲಿಗೆ ಕಾರು ತಂದಳು.