ದುರ್ಗದಿಂದ ಸೇಂಟ್ ಮೇರೀಸ್ ದ್ವೀಪ, ಕಾಪು ಲೈಟ್‌ಹೌಸ್: ಟಿಟಿ ಟ್ರಿಪ್ ಬಗ್ಗೆ

ಹೋದ ಜನವರಿಲಿ ನಮ್ಮ ದುರ್ಗದ ಟ್ರಾವೆಲ್ಸ್‌ನೋರೊಬ್ರ ಟಿಟಿಲಿ ಹನ್ನೆರಡು ಜನ ಹೋಗಿದ್ವಿ, ರಾತ್ರಿ ಬಿಟ್ಟು ಹೊಳಲ್ಕೆರೆ, ಶಿವಮೊಗ್ಗ, ಆಗುಂಬೆ ಘಾಟ್ ಇಳಿದು ಬೆಳಗ್ಗೆ ಉಡುಪಿ ಹತ್ರದ ಮಲ್ಪೆ, ಅಲ್ಲಿಂದ ಬೋಟಲ್ಲಿ ದ್ವೀಪಕ್ಕೆ. ಸೀಟು ಕ್ಲೀನು, ಡ್ರೈವರ್ ಘಾಟಲ್ಲಿ ಒಂದ್ಸಲಾನೂ ಅವಸರ ಮಾಡ್ಲಿಲ್ಲ. ಆದ್ರೆ ನಾನು ಇದನ್ನ ಬರೀತಿರೋದು ಅವರು ಗೈಡ್ ಅಂತ ಕರ್ಕೊಂಡ್ ಬಂದಿದ್ದ ರಿಟೈರ್ಡ್ ಮೇಷ್ಟ್ರಿಗೋಸ್ಕರ.

ದ್ವೀಪದಲ್ಲಿ ಇಳಿದ ತಕ್ಷಣ ಎಲ್ರೂ ಸೆಲ್ಫಿಗೆ ಓಡಿದ್ರು, ಮೇಷ್ಟ್ರು ಮಾತ್ರ ನಮ್ಮ ಹುಡುಗನ್ನ ಒಂದು ಕಲ್ಲಿನ ಕಂಬದ ಹತ್ರ ಕೂರಿಸಿ "ಮೂಲೆ ಎಣಿಸಪ್ಪ" ಅಂದ್ರು. ಬೆರಳಿಟ್ಟು ಎಣಿಸ್ದ, ಆರು. ಪಕ್ಕದ್ದು ಐದು. ಉಳಿ ಹಿಡಿದು ಕಡೆದಂಗೆ ಐತೆ, ಆದ್ರೆ ಯಾರೂ ಕಡೆದಿಲ್ಲ. ಕೆರೆ ಬತ್ತಿದಾಗ ಅಂಗಳದ ಮಣ್ಣು ಬಿರುಕು ಬಿಡಲ್ವಾ, ಹಂಗೇ ಲಾವಾ ಆರ್ತಾ ಆರ್ತಾ ಕುಗ್ಗಿ ಸೀಳಿರೋದಂತೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ಆಗ ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟ್ಕೊಂಡಿತ್ತಂತೆ. ಆಮೇಲೆ ಹೇಳಿದ್ದು ಕೇಳಿ ಮೈ ಜುಮ್ಮಂತು. ನಮ್ಮ ಐಮಂಗಲದ ಹತ್ರ ಮರಡಿಹಳ್ಳಿಲಿ ದಿಂಬು ಪೇರಿಸಿದಂಗೆ ಕಲ್ಲು ಅದಾವಲ್ಲ, ಅವೂ ಲಾವಾನೇ, ನೀರೊಳಗೆ ಉಕ್ಕಿ ಹೆಪ್ಪುಗಟ್ಟಿದ್ದು, ಸುಮಾರು 250 ಕೋಟಿ ವರ್ಷದ್ದು! ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ದಾರಿಲಿ ಬೈಕಲ್ಲಿ ಎಷ್ಟು ಸಲ ಓಡಾಡಿದೀನೋ, ಒಂದ್ಸಲಾನೂ ನಿಂತು ನೋಡಿರ್ಲಿಲ್ಲ.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಹೆಸರಿಟ್ಟ ಅಂತಾರೆ, ಪಕ್ಕದ ದರಿಯಾ ಬಹಾದ್ದೂರ್‌ಗಡ ಅನ್ನೋ ದ್ವೀಪದಲ್ಲಿ ಬಿದನೂರಿನ ರಾಜ ಬಸಪ್ಪನಾಯಕ ಕೋಟೆ ಕಟ್ಟಿಸಿದ್ನಂತೆ, ಮೇಷ್ಟ್ರು ಅದನ್ನ ಹೇಳ್ತಿದ್ದಂಗೇ ಬೋಟ್‌ನೋರು ವಿಷಲ್ ಹೊಡೆದ್ರು. ಒಂದು ಗಂಟೆ ಅಂದೋರು ನಲವತ್ತು ನಿಮಿಷಕ್ಕೇ ಹೊರಡಿಸಿದ್ರು. ಅಷ್ಟು ದೂರದಿಂದ ಬಂದೋರಿಗೆ ಹಿಂಗ್ ಮಾಡ್ಬಾರ್ದು, ನಿಜವಾಗ್ಲೂ ಬೇಜಾರಾಯ್ತು. ಇದ್ರಲ್ಲಿ ಟ್ರಾವೆಲ್ಸ್‌ನೋರ ತಪ್ಪೇನಿಲ್ಲ.

ಕಾಪು ಲೈಟ್‌ಹೌಸ್ 1901ರಲ್ಲಿ ಸಮುದ್ರದ ಅಂಚಿನ ಬಂಡೆ ಮೇಲೆ ಕಟ್ಟಿದ್ದು, ಮೇಲೆ ಹತ್ತಕ್ಕೆ ಬಿಡೋದು ಸಂಜೆ ಹೊತ್ತು, ಆ ಟೈಮಿಗೆ ಸರಿಯಾಗಿ ತಲುಪಿಸಿದ್ರು. ಅಮ್ಮಂಗೆ ಮಂಡಿ ನೋವು, ನಾನ್ ಕೆಳಗೇ ಕೂತಿರ್ತೀನಿ ಅಂದ್ರು, "ಬನ್ನಿ ತಾಯಿ, ಅವಸರ ಏನೂ ಇಲ್ಲ" ಅಂತ ಮೇಷ್ಟ್ರು ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ಸುರುಳಿ ಮೆಟ್ಟಿಲು ಹತ್ತಿಸಿದ್ರು. ಮೇಲೆ ಗಾಳಿಗೆ ಸೆರಗು ಎರಡೂ ಕೈಲಿ ಹಿಡ್ಕೊಂಡು ಅಮ್ಮ ಮಾತಿಲ್ದೆ ಸಮುದ್ರ ನೋಡ್ತಾ ನಿಂತಿದ್ರು.

ಮಳೆಗಾಲದಲ್ಲಿ ಬೋಟು ಬಿಡಲ್ಲ, ನೋಡ್ಕೊಂಡು ಬುಕ್ ಮಾಡಿ, ಮೇಷ್ಟ್ರು ಬರ್ತಾರಾ ಅಂತ ಮೊದ್ಲೇ ಕೇಳಿ. ನಾವು ವಾಪಸ್ ಬಂದ ಮುಂದಿನ ಭಾನುವಾರನೇ ಬುತ್ತಿ ಕಟ್ಕೊಂಡು ಮರಡಿಹಳ್ಳಿಗೆ ಹೋಗ್ಬಂದ್ವಿ.